ಹಗಲು ಇಟ್ಟಿಗೆ, ಇರುಳು ನಕ್ಷತ್ರ: ಐಸಾಕ್ ರಾಬರ್ಟ್ಸ್

ಮನೆಯ ಹಿತ್ತಿಲಲ್ಲಿ ದೂರದರ್ಶಕ ನಿಲ್ಲಿಸಿ, ಅದಕ್ಕೆ ಕ್ಯಾಮೆರಾ ಜೋಡಿಸಿ ನೀಹಾರಿಕೆಗಳ ಬಣ್ಣದ ಚಿತ್ರ ತೆಗೆಯುವ ಹವ್ಯಾಸಿಗಳು ಇಂದು ನಮ್ಮ ದೇಶದಲ್ಲೂ ಇದ್ದಾರೆ. ಈ ಹವ್ಯಾಸಕ್ಕೆ ದಾರಿ ಹಾಕಿಕೊಟ್ಟವರಲ್ಲಿ ಐಸಾಕ್ ರಾಬರ್ಟ್ಸ್ ಪ್ರಮುಖರು. ಅವರು ಪ್ರಾಧ್ಯಾಪಕರಲ್ಲ, ವೃತ್ತಿಯಲ್ಲಿ ಕಟ್ಟಡ ಕಂತ್ರಾಟುದಾರರು ಎಂಬುದು ಗಮನಾರ್ಹ.

ರಾಬರ್ಟ್ಸ್ ಜನಿಸಿದ್ದು 1829ರ ಜನವರಿ 27ರಂದು, ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಗ್ರೋಸ್ ಎಂಬ ಹಳ್ಳಿಯಲ್ಲಿ. ತಂದೆ ಕೃಷಿಕರು. ಅವರ ಬಾಲ್ಯದಲ್ಲೇ ಕುಟುಂಬ ಹುಟ್ಟೂರು ಬಿಟ್ಟು ಬಂದರು ನಗರ ಲಿವರ್‌ಪೂಲ್‌ಗೆ ಬಂದು ನೆಲೆಸಿತು. 1844ರಲ್ಲಿ, ಹದಿನೈದರ ಹರೆಯದಲ್ಲಿ, ಅವರು ಕಟ್ಟಡ ಕಟ್ಟುವ ಸಂಸ್ಥೆಯೊಂದಕ್ಕೆ ಏಳು ವರ್ಷಗಳ ಕರಾರಿನ ಮೇಲೆ ಕೆಲಸ ಕಲಿಯಲು ಸೇರಿದರು. ಹಗಲು ದುಡಿಮೆ, ರಾತ್ರಿ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟಿನ ತರಗತಿ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರಿಗೆ ಈ ಬದುಕು ಹೊಸತೆನಿಸದು. ಮುಂದೆ ಅವರು ಪಾಲುದಾರರೊಬ್ಬರೊಂದಿಗೆ ಸ್ವಂತ ಉದ್ಯಮ ನಡೆಸಿ ಊರಿನ ದೊಡ್ಡ ಕಂತ್ರಾಟುದಾರರಲ್ಲಿ ಒಬ್ಬರೆನಿಸಿದರು.

ಆಕಾಶದ ಗೀಳು ಹತ್ತಿದ್ದು ನಡುವಯಸ್ಸಿನಲ್ಲಿ. 1878ರ ಹೊತ್ತಿಗೆ ಅವರ ಮನೆಯಲ್ಲಿ 7 ಇಂಚಿನ ದೂರದರ್ಶಕವಿತ್ತು. 1885ರಲ್ಲಿ 20 ಇಂಚಿನ ಕನ್ನಡಿಯ ದೂರದರ್ಶಕವನ್ನು ಡಬ್ಲಿನ್‌ನ ಗ್ರಬ್ ಅವರಿಂದ ಮಾಡಿಸಿಕೊಂಡು, ಲಿವರ್‌ಪೂಲ್ ಸಮೀಪದ ಮಘಲ್‌ನ ತಮ್ಮ ಮನೆಯಲ್ಲಿ ಸ್ಥಾಪಿಸಿದರು. ಎರಡನ್ನೂ ಒಂದೇ ಕಂಬದ ಮೇಲೆ ಕೂರಿಸಿದ್ದು ಅವರ ಜಾಣ್ಮೆ. ದೊಡ್ಡದು ಚಿತ್ರ ಹಿಡಿಯಲು, ಚಿಕ್ಕದು ಕಾವಲು ಕಾಯಲು.

ಕಾವಲು ಏಕೆಂದರೆ ಭೂಮಿ ತಿರುಗುತ್ತಲೇ ಇರುತ್ತದೆ. ಗಂಟೆಗಟ್ಟಲೆ ಬೆಳಕು ಕೂಡಿಟ್ಟರಷ್ಟೇ ಮಸುಕಾದ ನೀಹಾರಿಕೆ ಗಾಜಿನ ಫಲಕದ ಮೇಲೆ ಮೂಡುತ್ತದೆ. ಅಷ್ಟೂ ಹೊತ್ತು ದೂರದರ್ಶಕ ನಕ್ಷತ್ರದ ಹಿಂದೆಯೇ ಸಾಗಬೇಕು. ಸ್ವಲ್ಪ ಅತ್ತಿತ್ತ ಆದರೂ ಚುಕ್ಕಿ ಗೆರೆಯಾಗಿ ಇಡೀ ರಾತ್ರಿಯ ಶ್ರಮ ವ್ಯರ್ಥ. ಗಡಿಯಾರದ ಯಂತ್ರ ದೂರದರ್ಶಕವನ್ನು ತಿರುಗಿಸುತ್ತಿದ್ದರೂ, ಚಿಕ್ಕ ದೂರದರ್ಶಕದಲ್ಲಿ ಒಂದು ನಕ್ಷತ್ರವನ್ನು ನೋಡುತ್ತಾ ಚಳಿಯಲ್ಲಿ ಕೈಯಿಂದ ತಿದ್ದುತ್ತಲೇ ಇರಬೇಕಿತ್ತು.

ಈ ತಾಳ್ಮೆಗೆ ಫಲ ಸಿಕ್ಕಿದ್ದು 1888ರಲ್ಲಿ. ಆ ವರ್ಷವೇ ಅವರು ವ್ಯಾಪಾರದಿಂದ ನಿವೃತ್ತರಾದರು. ಆಂಡ್ರೊಮಿಡಾ ನೀಹಾರಿಕೆಯನ್ನು ಬರಿಗಣ್ಣಿನಿಂದ ನೋಡಿದರೆ ಒಂದು ಮಬ್ಬು ಕಲೆ. ದೂರದರ್ಶಕದಲ್ಲಿ ನೋಡಿ ಕೈಯಿಂದ ಬರೆದ ಚಿತ್ರಗಳಲ್ಲಿ ಎರಡು ಕಪ್ಪು ಪಟ್ಟಿಗಳಷ್ಟೇ ಕಂಡಿದ್ದವು. ರಾಬರ್ಟ್ಸ್ ಅವರ ಫೋಟೋಗಳಲ್ಲಿ ಆ ಪಟ್ಟಿಗಳು ಸುರುಳಿಯ ನಡುವಿನ ಸಂದುಗಳು ಎಂಬುದು ಸ್ಪಷ್ಟವಾಯಿತು. ವಿದ್ವಾಂಸರು ಬೆರಗಾದರು. 1890ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1895ರಲ್ಲಿ ರಾಯಲ್ ಅಸ್ಟ್ರೊನಾಮಿಕಲ್ ಸೊಸೈಟಿಯ ಚಿನ್ನದ ಪದಕ ಅವರನ್ನು ಅರಸಿ ಬಂದವು.

ಆದರೆ ಅವರ ಒಂದು ಲೆಕ್ಕ ತಪ್ಪಿತು. ಆ ಸುರುಳಿಯಲ್ಲಿ ಅವರು ಕಂಡದ್ದು ನಮ್ಮ ಸೌರಮಂಡಲದಂತಹ ಹೊಸ ಮಂಡಲವೊಂದರ ಹುಟ್ಟನ್ನು. ಅದು ಕೋಟಿ ಕೋಟಿ ನಕ್ಷತ್ರಗಳಿರುವ ಬೇರೆಯೇ ಗ್ಯಾಲಕ್ಸಿ ಎಂಬುದು ಎಡ್ವಿನ್ ಹಬಲ್ ಅವರು 1923ರಲ್ಲಿ ಅದರೊಳಗಿನ ಒಂದು ವಿಶಿಷ್ಟ ನಕ್ಷತ್ರವನ್ನು ಗುರುತಿಸಿದ ಮೇಲೆ ಖಚಿತವಾಯಿತು. ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ ಎಂದು ಇಂದು ತಿಳಿದಿದೆ. ಅವರ ವಿವರಣೆ ಬಿದ್ದುಹೋಯಿತು, ಚಿತ್ರ ಮಾತ್ರ ಉಳಿಯಿತು. ಕಂಡದ್ದನ್ನು ಪ್ರಾಮಾಣಿಕವಾಗಿ ದಾಖಲಿಸಿದರೆ, ನಮ್ಮ ತಪ್ಪನ್ನು ಮುಂದಿನವರು ತಿದ್ದಿಕೊಳ್ಳಬಲ್ಲರು.

ಅಂದಿನ ಫಲಕಗಳಿಗೂ ಮಿತಿಯಿತ್ತು. ಅವು ಮುಖ್ಯವಾಗಿ ನೀಲಿ ಬೆಳಕನ್ನು ಹಿಡಿಯುತ್ತಿದ್ದವು, ಜಲಜನಕದ ಕೆಂಪು ಹೊಳಪು ತಪ್ಪಿಹೋಗುತ್ತಿತ್ತು. ಇಂದಿನ ಹವ್ಯಾಸಿಗಳು ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಬೇರೆ ಬೇರೆಯಾಗಿ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸುತ್ತಾರೆ. ಕೆಂಪು ಹೊಳಪಿಗೆಂದೇ ಪ್ರತ್ಯೇಕ ಫಿಲ್ಟರ್ ಇದೆ. ಆದರೂ ಮೂಲ ಪಾಠ ರಾಬರ್ಟ್ಸ್ ಅವರದ್ದೇ: ಹೆಚ್ಚು ಹೊತ್ತು ಬೆಳಕು ಕೂಡಿಡಿ, ನಕ್ಷತ್ರದಿಂದ ಗುರಿ ತಪ್ಪಬೇಡಿ.

ಒಳ್ಳೆಯ ಆಕಾಶ ಬೇಕೆಂದು 1890ರಲ್ಲಿ ಅವರು ದಕ್ಷಿಣದ ಕ್ರೌಬರೋ ಬೆಟ್ಟಕ್ಕೆ ಹೋಗಿ ಮನೆ, ವೀಕ್ಷಣಾಲಯ ಕಟ್ಟಿಸಿದರು. ಮನೆಯ ಹೆಸರು ಸ್ಟಾರ್‌ಫೀಲ್ಡ್. ಅಲ್ಲಿ ಸಹಾಯಕ ಡಬ್ಲ್ಯು. ಎಸ್. ಫ್ರಾಂಕ್ಸ್ ಅವರ ಪರಿಶ್ರಮದ ಪಾಲೂ ದೊಡ್ಡದು. 1893 ಮತ್ತು 1899ರಲ್ಲಿ ಅವರ ಚಿತ್ರಗಳ ಎರಡು ಸಂಪುಟಗಳು ಹೊರಬಂದವು. 1896ರಲ್ಲಿ ಸೂರ್ಯಗ್ರಹಣ ನೋಡಲು ನಾರ್ವೆಗೆ ಹಡಗಿನಲ್ಲಿ ಹೋದಾಗ ಮೋಡ ಕವಿದು ನಿರಾಶೆಯಾಯಿತು. ಆದರೆ ಆ ಯಾತ್ರೆಯಲ್ಲಿ ಪ್ಯಾರಿಸ್ ವೀಕ್ಷಣಾಲಯದ ವಿಜ್ಞಾನಿ ಡೊರೊಥಿಯಾ ಕ್ಲುಂಪ್ಕೆ ಅವರ ಪರಿಚಯವಾಯಿತು. 1901ರಲ್ಲಿ ಇಬ್ಬರೂ ವಿವಾಹವಾದರು.

1904ರ ಜುಲೈ 17ರಂದು ರಾಬರ್ಟ್ಸ್ ನಿಧನರಾದರು. ಅವರ ಫಲಕಗಳನ್ನು ಜೋಪಾನ ಮಾಡಿದ ಡೊರೊಥಿಯಾ, ಪತಿಯ ಜನ್ಮಶತಮಾನೋತ್ಸವದ ವರ್ಷವಾದ 1929ರಲ್ಲಿ ಆಕಾಶದ 52 ಭಾಗಗಳ ಚಿತ್ರ ಸಂಪುಟವನ್ನು ಅವರ ಹೆಸರಿನಲ್ಲೇ ಪ್ರಕಟಿಸಿದರು. ರಾತ್ರಿ ತರಗತಿಯಲ್ಲಿ ಕಲಿತ ರಾಬರ್ಟ್ಸ್ ತಮ್ಮ ಗಳಿಕೆಯ ಬಹುಭಾಗವನ್ನು ವಿದ್ಯಾರ್ಥಿವೇತನಕ್ಕಾಗಿ ಬರೆದಿಟ್ಟಿದ್ದರು. ಒಂದು ಪಾಲು ಅನ್ನ ಕೊಟ್ಟ ಲಿವರ್‌ಪೂಲಿನ ವಿಶ್ವವಿದ್ಯಾಲಯಕ್ಕೆ, ಉಳಿದದ್ದು ಹುಟ್ಟಿದ ನಾಡಾದ ವೇಲ್ಸ್‌ನ ಕಾರ್ಡಿಫ್ ಮತ್ತು ಬ್ಯಾಂಗರ್ ಕಾಲೇಜುಗಳಿಗೆ.