ಶೆಲ್ ಬದಲಿಸೋ ಮುಂಚೆ ಡೆನಿಸ್ ರಿಚಿ ಬಗ್ಗೆ ಸ್ವಲ್ಪ

ಕಳೆದ ರಜೆಯಲ್ಲಿ ಶಿರಹಟ್ಟಿಯಿಂದ ಗದಗಿನ ಲ್ಯಾಬ್ ಸರ್ವರಿಗೆ ಎಸ್‌ಎಸ್‌ಎಚ್ ಮಾಡ್ತಿದ್ದ ನಮ್ಮ ಗೆಳೆಯನೊಬ್ಬ ಒಂದು ರಾತ್ರಿ ಹೊರಗೇ ಉಳಿದ. ಪಾಸ್‌ವರ್ಡ್ ಸರಿ ಇತ್ತು, ನೆಟ್ಟೂ ಇತ್ತು. ಅವನು ಬ್ಯಾಶ್ ಬಿಟ್ಟು ಫಿಶ್ ಶೆಲ್ ಇಟ್ಕೊಂಡಿದ್ದ, ಸರ್ವರ್ ಸ್ವಚ್ಛ ಮಾಡೋವಾಗ ಯಾರೋ ಫಿಶ್ ತೆಗೆದುಹಾಕಿದ್ರು. ಮರುದಿನ ಅಸೈನ್‌ಮೆಂಟ್ ಕೊಡಬೇಕಿತ್ತು, ಬೆಳಗ್ಗೆ ಮೊದಲ ಬಸ್ಸಿಗೆ ಬಂದ.

ಲಾಗಿನ್ ಆದಮೇಲೆ ಯಾವ ಶೆಲ್ ಬರಬೇಕು ಅನ್ನೋದು ಪಾಸ್‌ವರ್ಡ್ ಫೈಲಿನಲ್ಲಿ ನಮ್ಮ ಹೆಸರಿನ ಸಾಲಿನ ಕೊನೆಯ ಭಾಗದಲ್ಲಿರ್ತದೆ. ಆ ಫೈಲು ರೂಟ್‌ನದು, ನಾವು ಮುಟ್ಟೋ ಹಾಗಿಲ್ಲ. ಆದರೂ ಸಿಎಚ್‌ಎಸ್‌ಎಚ್ ಅಂತ ಹೊಡೆದರೆ ನಮ್ಮ ಸಾಲು ನಾವೇ ಬದಲಿಸಬಹುದು. ಇದು ಹೇಗೆ ಸಾಧ್ಯ ಅಂತ ಹುಡುಕಿದಾಗ ಸಿಕ್ಕವರು ಡೆನಿಸ್ ರಿಚಿ, ಫಸ್ಟ್ ಇಯರಿನಿಂದ ಗೊತ್ತಿರೋ ಸಿ ಭಾಷೆಯ ರಿಚಿ.

ಅವರು ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಅಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್ ವಿಜ್ಞಾನಿ, ಸ್ವಿಚಿಂಗ್ ಸರ್ಕ್ಯೂಟ್ ತಜ್ಞರು. ಮಗ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ, ಆಮೇಲೆ ಅನ್ವಯಿಕ ಗಣಿತ ಓದಿದರು. 1968ರಲ್ಲಿ ಥೀಸಿಸ್ ಮುಗೀತು, ಆದರೆ ಬೈಂಡ್ ಮಾಡಿದ ಪ್ರತಿಯನ್ನು ಲೈಬ್ರರಿಗೆ ಕೊಡಲೇ ಇಲ್ಲ, ಡಾಕ್ಟರೇಟ್ ಬರಲಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಹಿಡಿದು ಬೈಂಡಿಂಗ್ ಅಂಗಡಿಗೆ ಓಡಾಡ್ತಿರೋ ಫೈನಲ್ ಇಯರಿನವರು ಇದನ್ನ ಮಾದರಿ ಮಾಡ್ಕೋಬ್ಯಾಡ್ರಿ.

1967ರಲ್ಲೇ ಅವರು ಬೆಲ್ ಲ್ಯಾಬ್ಸ್ ಸೇರಿದ್ದರು. ಮಲ್ಟಿಕ್ಸ್ ಎಂಬ ಭಾರೀ ಯೋಜನೆಯನ್ನು ಕಂಪನಿ 1969ರಲ್ಲಿ ಕೈಬಿಟ್ಟಾಗ ಕೆನ್ ಥಾಂಪ್ಸನ್ ಹಳೆಯ ಪಿಡಿಪಿ-7 ಮೇಲೆ ಸಣ್ಣದೊಂದು ಸಿಸ್ಟಂ ಕಟ್ಟತೊಡಗಿದರು. ರಿಚಿ ಜೊತೆಯಾದರು, ಯುನಿಕ್ಸ್ ಹುಟ್ಟಿತು. ಆಮೇಲೆ ಸಿ, 1973ರಲ್ಲಿ ಸಿಯಲ್ಲೇ ಬರೆದ ಕರ್ನಲ್. ಇದೆಲ್ಲ ಸಿಲಬಸ್ಸಿನಲ್ಲಿದೆ, ಬಿಡೋಣ.

ಸಿಲಬಸ್ಸಿನಲ್ಲಿ ಇಲ್ಲದ್ದು ಹೇಳ್ತೀವಿ. ಶೆಲ್ ಅನ್ನೋದು ಕರ್ನಲ್ಲಿನ ಅಂಗವಲ್ಲ, ಬೇರೆ ಪ್ರೋಗ್ರಾಂಗಳ ಹಾಗೆ ಅದೂ ಒಂದು ಅನ್ನೋ ವಿಚಾರ ಮಲ್ಟಿಕ್ಸ್‌ನಿಂದ ಬಂದದ್ದು. ಯುನಿಕ್ಸಿನ ಮೊದಲ ಶೆಲ್ ಬರೆದವರು ಥಾಂಪ್ಸನ್. ಇಬ್ಬರೂ ಸೇರಿ 1974ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ಉಪಯೋಗ ವಿವರಿಸಿದ್ದಾರೆ. ಪಾಸ್‌ವರ್ಡ್ ಫೈಲಿನ ಸಾಲಿನಲ್ಲಿ ಶೆಲ್ ಬದಲು ಬೇರೆ ಪ್ರೋಗ್ರಾಂ ಹೆಸರು ಬರೆದರೆ ಲಾಗಿನ್ ಆದವರಿಗೆ ಅದೇ ಬರ್ತದೆ. ಟೈಪಿಂಗ್ ಕೆಲಸದ ಕಾರ್ಯದರ್ಶಿಗಳಿಗೆ ನೇರ ಎಡಿಟರ್, ಚೆಸ್ ಆಡೋಕೆ ಬಂದವರಿಗೆ ನೇರ ಚೆಸ್. ನಮ್ಮ ಗೆಳೆಯನ ಫಿಶ್ ಬಂದು ಕೂತದ್ದೂ ಅದೇ ಜಾಗದಲ್ಲಿ.

ಇನ್ನು ರೂಟ್‌ನ ಫೈಲಿಗೆ ನಾವು ಬರೆಯೋದು ಹೇಗೆ? ಇಲ್ಲಿರೋದು ಪೂರ್ತಿ ರಿಚಿಯವರ ಕೈಚಳಕ, ಹೆಸರು ಸೆಟ್‌ಯುಐಡಿ, ಗಾತ್ರ ಒಂದೇ ಬಿಟ್. ಪ್ರೋಗ್ರಾಂ ಫೈಲಿನ ಮೇಲೆ ಆ ಬಿಟ್ ಇದ್ದರೆ ಅದು ಓಡಿಸಿದವರ ಅಧಿಕಾರದಲ್ಲಿ ಅಲ್ಲ, ಫೈಲಿನ ಮಾಲೀಕರ ಅಧಿಕಾರದಲ್ಲಿ ಓಡ್ತದೆ. ಸಿಎಚ್‌ಎಸ್‌ಎಚ್‌ನ ಮಾಲೀಕ ರೂಟ್. ಕರೆದವರು ಯಾರು ಅಂತ ನೋಡಿ, ಅವರ ಸಾಲು ಮಾತ್ರ ತಿದ್ದಿ ಹೊರಬರ್ತದೆ. 1973ರಲ್ಲಿ ಅರ್ಜಿ ಹಾಕಿದ ಇದರ ಪೇಟೆಂಟ್ 1979ರಲ್ಲಿ ಸಿಕ್ಕಿತು, ಆಮೇಲೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಅಪಾಯವೂ ಇದೆ ನೋಡ್ರಿ: ಇಂಥ ಪ್ರೋಗ್ರಾಂನಲ್ಲಿ ಒಂದು ಬಗ್ ಇದ್ದರೆ ಕಳ್ಳನಿಗೆ ಇಡೀ ಸರ್ವರ್ ಸಿಗ್ತದೆ. ಅದಕ್ಕೇ ಸಿಎಚ್‌ಎಸ್‌ಎಚ್ ಬಹಳ ಬಿಗಿ, ಇಟಿಸಿ ಡೈರೆಕ್ಟರಿಯ ಶೆಲ್ಸ್ ಫೈಲಿನಲ್ಲಿ ಹೆಸರಿಲ್ಲದ ಶೆಲ್ ಕೇಳಿದರೆ ಸಾಮಾನ್ಯ ಬಳಕೆದಾರರಿಗೆ ಕೊಡೋದಿಲ್ಲ. ಬದಲಿಸಿದ ಮೇಲೂ ಹಳೇ ವಿಂಡೋ ಮುಚ್ಚಬ್ಯಾಡ್ರಿ, ಇನ್ನೊಂದರಿಂದ ಲಾಗಿನ್ ಆಗಿ ನೋಡಿ ಆಮೇಲೆ ಮುಚ್ರಿ.

1978ರಲ್ಲಿ ಕರ್ನಿಗನ್ ಜೊತೆ ಬರೆದ ಸಿ ಪುಸ್ತಕ, 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ, 2007ರಲ್ಲಿ ನಿವೃತ್ತಿ. ಒಬ್ಬರೇ ಇರ್ತಿದ್ದರು. 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಮನೆಯಲ್ಲಿ ಅವರು ತೀರಿಹೋಗಿರೋದು ಗೊತ್ತಾಯ್ತು, 70 ವರ್ಷ ಆಗಿತ್ತು. ಅದಕ್ಕೂ ಒಂದು ವಾರ ಮೊದಲು ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರು, ಪತ್ರಿಕೆಗಳ ಮುಖಪುಟ ಇನ್ನೂ ಅವರದೇ ಆಗಿತ್ತು. ನವೆಂಬರಿನಲ್ಲಿ ಬಂದ ಫೆಡೋರಾ 16 ಆವೃತ್ತಿಯನ್ನು ಅದನ್ನು ಕಟ್ಟಿದವರು ರಿಚಿ ನೆನಪಿಗೆ ಅರ್ಪಿಸಿದರು.