ಎಳೆ ಹರಿದರೆ ತಾನೇ ನಿಲ್ಲುವ ಮಗ್ಗ: ಸಕಿಚಿ ಟೊಯೊಡಾ

ನರಗುಂದ, ರೋಣದ ಎರೆಹೊಲಗಳಲ್ಲಿ ಹತ್ತಿ ಬೆಳೆಯುತ್ತಾರೆ. ಗಜೇಂದ್ರಗಡದಲ್ಲಿ ಪಟ್ಟೇದ ಅಂಚಿನ ಸೀರೆ ನೇಯುತ್ತಾರೆ. ಆ ಭಾಗದ ಮಕ್ಕಳಿಗೆ ಮಗ್ಗವನ್ನು ವಿವರಿಸಬೇಕಾಗಿಲ್ಲ. ಉಳಿದವರು ಇಷ್ಟು ತಿಳಿದುಕೊಳ್ಳಿ: ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಲಾಳಿಯು ಅಡ್ಡಲಾಗಿ ಒಯ್ಯುವ ಎಳೆ ಹೊಕ್ಕು. ಹಾಸಿನ ನೂರಾರು ಎಳೆಗಳಲ್ಲಿ ಒಂದು ಹರಿದರೂ ನೇಕಾರರು ಕೈ ನಿಲ್ಲಿಸಿ, ಗಂಟು ಹಾಕಿ, ಆಮೇಲೆ ಮುಂದುವರಿಯುತ್ತಾರೆ. ಹಾಗೆ ಮಾಡದಿದ್ದರೆ ಬಟ್ಟೆಯ ಉದ್ದಕ್ಕೂ ಗೀರು ಬೀಳುತ್ತದೆ. ಕೈಮಗ್ಗಕ್ಕೆ ಮನುಷ್ಯರ ಕಣ್ಣಿನ ಕಾವಲಿದೆ. ಉಗಿಯ ಬಲದಿಂದ ಓಡುವ ಯಂತ್ರಮಗ್ಗಕ್ಕೆ ಕಣ್ಣೆಲ್ಲಿದೆ? ಅದು ಹರಿದ ಎಳೆಯನ್ನು ಲೆಕ್ಕಿಸದೆ ಗಜಗಟ್ಟಲೆ ಕೆಟ್ಟ ಬಟ್ಟೆ ನೇಯುತ್ತಾ ಹೋಗುತ್ತದೆ. ಯಂತ್ರಕ್ಕೂ ಕಣ್ಣು ಕೊಡಲು ಜೀವಮಾನವಿಡೀ ದುಡಿದವರಲ್ಲಿ ಜಪಾನಿನ ಸಕಿಚಿ ಟೊಯೊಡಾ ಪ್ರಮುಖರು.

ಸಕಿಚಿ 1867ರ ಫೆಬ್ರವರಿ 14ರಂದು ಹಮಾನಾ ಸರೋವರದ ಸಮೀಪದ ಒಂದು ಹಳ್ಳಿಯಲ್ಲಿ ಜನಿಸಿದರು. ತಂದೆ ಬಡಗಿ. ತಾಯಿ ಮನೆಯಲ್ಲಿ ಮಗ್ಗದ ಮುಂದೆ ಕುಳಿತು ಬಟ್ಟೆ ನೇಯುತ್ತಿದ್ದರು. ಪ್ರಾಥಮಿಕ ಶಾಲೆ ಮುಗಿಸಿದ ಸಕಿಚಿ ತಂದೆಯ ಕೈಕೆಳಗೆ ಮರಗೆಲಸ ಕಲಿತರು. 1885ರಲ್ಲಿ ಜಪಾನ್ ಸರ್ಕಾರ ಪೇಟೆಂಟ್ ಕಾಯ್ದೆಯನ್ನು ತಂದಿತು. ಹೊಸದನ್ನು ಕಂಡುಹಿಡಿದವರಿಗೆ ಅದರ ಮೇಲೆ ಹಕ್ಕು ದೊರೆಯುತ್ತದೆ ಎಂಬ ಸುದ್ದಿ ಈ ಹದಿನೆಂಟರ ಯುವಕನ ತಲೆಯನ್ನು ಹೊಕ್ಕಿತು. ತಾಯಿಯ ಶ್ರಮವನ್ನು ದಿನವೂ ಕಂಡವರಿಗೆ ಏನನ್ನು ಕಂಡುಹಿಡಿಯಬೇಕೆಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಅವರು ಮಗ್ಗ ಕಟ್ಟುವರು, ಮುರಿಯುವರು, ಮತ್ತೆ ಕಟ್ಟುವರು. ತಂದೆಗೆ ಇದು ಇಷ್ಟವಾಗಲಿಲ್ಲ. ಹಳ್ಳಿಯವರಿಗೆ ಇದೊಂದು ಹುಚ್ಚಿನಂತೆ ತೋರಿತು. 1890ರಲ್ಲಿ ಟೋಕಿಯೋ ನಗರದಲ್ಲಿ ದೊಡ್ಡ ಕೈಗಾರಿಕಾ ವಸ್ತುಪ್ರದರ್ಶನ ನಡೆದಾಗ ಸಕಿಚಿ ಅಲ್ಲಿಗೆ ಹೋಗಿ, ದಿನದಿನವೂ ಯಂತ್ರಗಳ ಮುಂದೆ ನಿಂತು ಅವುಗಳ ಚಲನೆಯನ್ನು ಗಮನಿಸಿದರು. ಮರುವರ್ಷವೇ ಅವರ ಮರದ ಕೈಮಗ್ಗಕ್ಕೆ ಪೇಟೆಂಟ್ ಸಿಕ್ಕಿತು. ಎರಡೂ ಕೈಗಳಿಂದ ಮಾಡುತ್ತಿದ್ದ ಕೆಲಸವನ್ನು ಅದರಲ್ಲಿ ಒಂದೇ ಕೈಯಿಂದ ಮಾಡಬಹುದಿತ್ತು.

1896ರಲ್ಲಿ ಅವರು ಯಂತ್ರಮಗ್ಗ ತಯಾರಿಸಿದರು. ಜಪಾನೀಯರೊಬ್ಬರು ರೂಪಿಸಿದ ಮೊದಲ ಯಂತ್ರಮಗ್ಗ ಅದು. ಹೊಕ್ಕಿನ ಎಳೆ ಹರಿದರೆ ಅಥವಾ ಮುಗಿದರೆ ಮಗ್ಗ ತಾನೇ ನಿಲ್ಲುತ್ತಿತ್ತು. ಮುಂದೆ ಹಾಸಿನ ಎಳೆಗಳಿಗೂ ಇಂಥ ಕಾವಲು ಬಂತು. ಅದರ ತತ್ವ ಬಹಳ ಸರಳ. ಪ್ರತಿಯೊಂದು ಎಳೆಯ ಮೇಲೂ ಒಂದು ತೆಳುವಾದ ಲೋಹದ ಪಟ್ಟಿಯನ್ನು ತೂಗುಹಾಕಿರುತ್ತಾರೆ. ಎಳೆ ಬಿಗಿಯಾಗಿರುವವರೆಗೆ ಪಟ್ಟಿ ಮೇಲೆ ನಿಂತಿರುತ್ತದೆ. ಎಳೆ ಹರಿದ ಕ್ಷಣ ಗುರುತ್ವಾಕರ್ಷಣೆಯಿಂದ ಪಟ್ಟಿ ಕೆಳಗೆ ಬಿದ್ದು ಯಂತ್ರವನ್ನು ನಿಲ್ಲಿಸುತ್ತದೆ. ಎರಡು ಮೊಳೆಗಳ ನಡುವೆ ದಾರ ಬಿಗಿದು, ಅದಕ್ಕೆ ಕಾಗದದ ಕ್ಲಿಪ್ ನೇತುಹಾಕಿ, ದಾರವನ್ನು ಕತ್ತರಿಸಿ ನೋಡಿ. ಸಕಿಚಿಯವರ ಮಗ್ಗದ ಕಣ್ಣು ಇಷ್ಟೇ! ಇಂಗ್ಲೆಂಡ್, ಅಮೆರಿಕಗಳಲ್ಲೂ ಇಂಥ ಉಪಾಯಗಳಿಗಾಗಿ ಹಲವರು ದುಡಿದಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು.

ಬದುಕು ಮಾತ್ರ ಸರಳವಾಗಿರಲಿಲ್ಲ. 1910ರಲ್ಲಿ ವ್ಯಾಪಾರ ಕುಸಿದಾಗ, ತಮ್ಮದೇ ಹೆಸರಿನ ಮಗ್ಗದ ಕಂಪನಿಯನ್ನು ಅವರು ಬಿಟ್ಟು ಹೊರಬರಬೇಕಾಯಿತು. ಆಗ ಅಮೆರಿಕ, ಯೂರೋಪ್ ಸುತ್ತಿ ಬಂದು, ನಗೋಯಾ ನಗರದಲ್ಲಿ ಮತ್ತೆ ಮೊದಲಿನಿಂದ ಕೆಲಸ ಆರಂಭಿಸಿದರು. 1924ರಲ್ಲಿ ಮಗ ಕಿಯಿಚಿರೊ ಜೊತೆಗೂಡಿ ಜಿ ಮಾದರಿಯ ಸ್ವಯಂಚಾಲಿತ ಮಗ್ಗವನ್ನು ಪೂರ್ಣಗೊಳಿಸಿದರು. ನೂಲು ಮುಗಿಯುತ್ತ ಬಂದ ಲಾಳಿಯನ್ನು ಈ ಮಗ್ಗ ಓಡುತ್ತಿರುವಾಗಲೇ ಬದಲಾಯಿಸುತ್ತಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ 1,00,000 ಪೌಂಡ್‌ಗೆ ಅದರ ಹಕ್ಕನ್ನು ಪಡೆಯಿತು. ಯಂತ್ರಮಗ್ಗ ಹುಟ್ಟಿದ ದೇಶವೇ ಬಡಗಿಯ ಮಗನಿಂದ ಮಗ್ಗದ ವಿದ್ಯೆಯನ್ನು ಕೊಂಡಿತು! 1930ರ ಅಕ್ಟೋಬರ್ 30ರಂದು ಸಕಿಚಿ ನಿಧನರಾದರು.

ತಾನೇ ನಿಲ್ಲುವ ಮಗ್ಗವನ್ನು ಯಾರೂ ಎವೆಯಿಕ್ಕದೆ ಕಾಯಬೇಕಾಗಿಲ್ಲ. ಹಾಗಾಗಿ ಒಬ್ಬರೇ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು. ಹಾಗಾದರೆ ಉಳಿದ ನೇಕಾರರ ಗತಿ ಏನು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಯಂತ್ರಮಗ್ಗ ಕಾಲಿಟ್ಟ ಕಡೆಯೆಲ್ಲ ಎಷ್ಟೋ ಕೈಮಗ್ಗಗಳು ಮೂಲೆಗೆ ಸೇರಿದವು. ನಮ್ಮ ದೇಶದಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡಲು 1985ರಲ್ಲಿ ಕಾಯ್ದೆ ಮಾಡಬೇಕಾಯಿತು.

ಕಿಯಿಚಿರೊ ಮಗ್ಗದಿಂದ ಕಾರಿನ ಕಡೆಗೆ ತಿರುಗಿದರು. 1937ರಲ್ಲಿ ಟೊಯೊಟಾ ಮೋಟಾರು ಕಂಪನಿ ಹುಟ್ಟಿತು. (ಟೊಯೊಡಾ ಎಂಬ ಮನೆತನದ ಹೆಸರು 1936ರಲ್ಲಿ ಕಾರಿನ ಮೇಲೆ ಟೊಯೊಟಾ ಆಯಿತು.) ತಂದೆಯ ಮಗ್ಗದ ಉಪಾಯವನ್ನು ಕಾರಿನ ಕಾರ್ಖಾನೆಗೆ ಹೊಂದಿಸಿದವರು ಟೈಯಿಚಿ ಓನೊ. ಅವರು ಮೊದಲು ಟೊಯೊಡಾ ನೇಯ್ಗೆ ಕಂಪನಿಯಲ್ಲಿದ್ದವರು. ಅವರ ಪದ್ಧತಿಯಲ್ಲಿ, ಕಾರು ಜೋಡಿಸುವಾಗ ತಪ್ಪು ಕಂಡರೆ ಸಾಮಾನ್ಯ ಕೆಲಸಗಾರರೇ ಹಗ್ಗ ಎಳೆಯುತ್ತಾರೆ. ದೀಪ ಹತ್ತುತ್ತದೆ. ಅಷ್ಟರಲ್ಲಿ ದೋಷ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ತಪ್ಪು ಏಕಾಯಿತು ಎಂದು ಬೇರು ಸಿಗುವವರೆಗೂ ಕೇಳುತ್ತಾರೆ.

ಇದಕ್ಕೆ ಕಿಯಿಚಿರೊ ಅವರ ಇನ್ನೊಂದು ವಿಚಾರವೂ ಸೇರಿತು. ಅದು ಬೇಕಾದ ಬಿಡಿಭಾಗ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕೆಂಬುದು. ನಿಮ್ಮ ಶಾಲೆಯ ಬಿಸಿಯೂಟವನ್ನೇ ನೆನೆಯಿರಿ. ಅಂದಿನ ಹಾಜರಿ ನೋಡಿ ಅಕ್ಕಿ ಅಳೆದರೆ ಅನ್ನ ಮಿಕ್ಕುವುದೂ ಇಲ್ಲ, ಸಾಲದಾಗುವುದೂ ಇಲ್ಲ. ಪೋಲು ತಪ್ಪಿಸುವ ಈ ಪದ್ಧತಿಗೆ ಮುಂದೆ ಲೀನ್ ಉತ್ಪಾದನೆ ಎಂಬ ಹೆಸರು ಬಂತು. ಲೀನ್ ಎಂದರೆ ಬೊಜ್ಜಿಲ್ಲದ ಎಂದರ್ಥ.

ಟೊಯೊಟಾ ಕಾರುಗಳು ನಮ್ಮ ರಾಜ್ಯದಲ್ಲೂ ತಯಾರಾಗುತ್ತವೆ. ಬೆಂಗಳೂರಿನ ಬಳಿಯ ಬಿಡದಿಯ ಕಾರ್ಖಾನೆಯಲ್ಲಿ 1999ರ ಡಿಸೆಂಬರ್‌ನಲ್ಲಿ ಕೆಲಸ ಆರಂಭವಾಯಿತು. ಅಲ್ಲಿ ಟೊಯೊಟಾ ಜೊತೆ ಕೈಜೋಡಿಸಿದ್ದು ಕಿರ್ಲೋಸ್ಕರ್ ಸಮೂಹ. ಕಬ್ಬಿಣದ ನೇಗಿಲಿನಿಂದ ಹೆಸರಾದ ಆ ಉದ್ಯಮವನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನರಗುಂದಕ್ಕೆ ನೆರೆಯ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರು ಸಕಿಚಿಯವರಿಗಿಂತ ಎರಡೇ ವರ್ಷ ಚಿಕ್ಕವರು.