ಹ್ಯಾಟ್‌ಶೆಪ್ಸುಟ್

ಪ್ರಾಚೀನ ಈಜಿಪ್ಟಿನ ಜನರು ತಮ್ಮ ಅರಸನನ್ನು ದೇವರ ಮಗನೆಂದು ನಂಬಿದ್ದರು. ಫೇರೋ ಎಂದು ಹೆಸರಾದ ಆ ಅರಸನು ದೇವತೆಗಳನ್ನು ವಿಧಿವತ್ತಾಗಿ ಪೂಜಿಸಿದರೆ ಮಾತ್ರ ನೈಲ್ ನದಿಗೆ ಸಕಾಲದಲ್ಲಿ ನೆರೆ ಬರುವುದು, ಹೊಲಗಳಲ್ಲಿ ಬೆಳೆ ತುಂಬುವುದು ಎಂಬುದು ಅವರ ಭಾವನೆ. ಭೂಮಿ, ಸೈನ್ಯ, ದೇವಾಲಯ, ನ್ಯಾಯ ಎಲ್ಲವೂ ಅವನ ಅಧೀನ. ಈ ಪದವಿ ತಂದೆಯಿಂದ ಮಗನಿಗೆ ಸಲ್ಲುವುದು ರೂಢಿ. ಅಂಥ ಪದವಿಯನ್ನೇರಿ ಸುಮಾರು 20 ವರ್ಷ ನಾಡನ್ನಾಳಿದ ಮಹಿಳೆ ಹ್ಯಾಟ್‌ಶೆಪ್ಸುಟ್.

ಆಕೆ 18ನೆಯ ರಾಜವಂಶದ ಒಂದನೆಯ ಥುಟ್‌ಮೋಸನ ಮಗಳು. ವಂಶದ ಪದ್ಧತಿಯಂತೆ ಮಲತಾಯಿಯ ಮಗನಾದ ಎರಡನೆಯ ಥುಟ್‌ಮೋಸನನ್ನು ಮದುವೆಯಾದಳು. ಆತ ಬೇಗನೆ ತೀರಿಕೊಂಡನು. ಹ್ಯಾಟ್‌ಶೆಪ್ಸುಟ್‌ಳಿಗೆ ನೆಫೆರೂರೆ ಎಂಬ ಮಗಳಿದ್ದಳೇ ಹೊರತು ಗಂಡುಮಕ್ಕಳಿರಲಿಲ್ಲ. ಇನ್ನೊಬ್ಬ ಪತ್ನಿಯ ಮಗನಾದ ಮೂರನೆಯ ಥುಟ್‌ಮೋಸನು ಸುಮಾರು ಕ್ರಿ.ಪೂ. 1479ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಬಾಲಕ. ಅವನ ಪರವಾಗಿ ರಾಜ್ಯಭಾರ ಹೊತ್ತ ರಾಣಿ, ಏಳು ವರ್ಷಗಳೊಳಗೆ ತಾನೇ ಫೇರೋ ಎಂದು ಘೋಷಿಸಿಕೊಂಡಳು. ಹಿಂದಿನ ಚರಿತ್ರಕಾರರು ಇದನ್ನು ಅಧಿಕಾರದಾಸೆಯೆಂದು ನಿಂದಿಸಿದರು. ಆದರೆ ಆಕೆ ಬಾಲಕನನ್ನು ಕೊಲ್ಲಿಸಲಿಲ್ಲ, ಗಡೀಪಾರು ಮಾಡಲಿಲ್ಲ. ಅವನ ರಾಜಪದವಿಯನ್ನೂ ಕಸಿದುಕೊಳ್ಳಲಿಲ್ಲ. ಸಿಂಹಾಸನ ಕದ್ದವರ ನಡತೆ ಸಾಮಾನ್ಯವಾಗಿ ಹೀಗಿರುವುದಿಲ್ಲ.

ಫೇರೋ ಎಂದರೆ ಪುರುಷನೆಂದೇ ಬಗೆದಿದ್ದ ನಾಡಿನಲ್ಲಿ ಹೆಣ್ಣು ಫೇರೋವನ್ನು ಚಿತ್ರಿಸುವುದು ಹೇಗೆ? ಮೊದಲು ಶಿಲ್ಪಿಗಳು ಆಕೆಯನ್ನು ಸ್ತ್ರೀರೂಪದಲ್ಲೇ ಕಡೆದರು. ಬರಬರುತ್ತ ಗಂಡುಡುಗೆ, ಕೃತಕ ಗಡ್ಡ, ಅಗಲವಾದ ಎದೆಯುಳ್ಳ ವಿಗ್ರಹಗಳು ಮೂಡಿದವು. ಪೂಜಾವಿಧಿಗಳಲ್ಲಿ ಅರಸನ ಪಕ್ಕದಲ್ಲಿ ರಾಣಿಯೊಬ್ಬಳಿರಬೇಕಲ್ಲವೇ? ಆ ಸ್ಥಾನದಲ್ಲಿ ಮಗಳು ನೆಫೆರೂರೆ ನಿಂತಳು.

ಥೀಬ್ಸ್ ನಗರದೆದುರಿನ ಡೇರ್ ಎಲ್-ಬಹ್ರಿಯಲ್ಲಿ, ಕಡಿದಾದ ಬಂಡೆಯ ಬುಡದಲ್ಲಿ, ಆಕೆ ಮೂರು ಅಂತಸ್ತಿನ ಜಗತಿಗಳುಳ್ಳ ದೇವಾಲಯವನ್ನು ಕಟ್ಟಿಸಿದಳು. ಸಾಮಾನ್ಯ ಕುಟುಂಬದಿಂದ ಮೇಲೆ ಬಂದ ಸೆನೆನ್‌ಮುಟ್ ಎಂಬ ಅಧಿಕಾರಿ ಆಕೆಯ ನಿರ್ಮಾಣಕಾರ್ಯಗಳ ಉಸ್ತುವಾರಿ ನೋಡಿಕೊಂಡನು. ಪುಂಟ್ ದೇಶಕ್ಕೆ ಆಕೆ ಕಳುಹಿಸಿದ ಐದು ಹಡಗುಗಳ ಯಾತ್ರೆಯನ್ನು ಈ ದೇವಾಲಯದ ಗೋಡೆಯ ಮೇಲೆ ಇಂದಿಗೂ ಕಾಣಬಹುದು. ಚಿನ್ನ, ದಂತ, ಕರಿಮರ, ಕೋತಿಗಳು ಹಡಗೇರುತ್ತಿವೆ. ಧೂಪದ ಮರಗಳನ್ನು ಬೇರುಸಹಿತ ಬುಟ್ಟಿಗಳಲ್ಲಿಟ್ಟು ಆಳುಗಳು ಹೊತ್ತು ನಡೆದಿದ್ದಾರೆ. ಹಡಗಿನ ಕೆಳಗೆ ಕೆಂಪು ಸಮುದ್ರದ ಮೀನುಗಳನ್ನೂ ಶಿಲ್ಪಿ ಮರೆತಿಲ್ಲ. ಯುದ್ಧದ ಲೂಟಿಗಿಂತ ವ್ಯಾಪಾರದ ಸಂಪತ್ತನ್ನು ಇಷ್ಟು ಹೆಮ್ಮೆಯಿಂದ ಮೆರೆಸಿದ ಫೇರೋಗಳು ವಿರಳ.

ಕಾರ್ನಾಕ್ ದೇವಾಲಯದಲ್ಲಿ ಆಕೆ ನಿಲ್ಲಿಸಿದ ಏಕಶಿಲಾ ಸ್ತಂಭದ ಎತ್ತರ ಸುಮಾರು 30 ಮೀಟರ್. ಆಸ್ವಾನಿನ ಕಲ್ಲುಗಣಿಯಲ್ಲಿ ಏಳು ತಿಂಗಳಲ್ಲಿ ಇದನ್ನು ಬಿಡಿಸಿ ತೆಗೆದರೆಂದು ಶಾಸನ ತಿಳಿಸುತ್ತದೆ. ತನ್ನ ಕೆಲಸವನ್ನು ಕಂಡು ಮುಂದಿನ ಕಾಲದವರು ಏನೆನ್ನುವರೋ ಎಂಬ ಅಳುಕನ್ನೂ ಆಕೆ ಆ ಶಾಸನದಲ್ಲೇ ಬರೆಸಿದ್ದಾಳೆ.

ಆ ಅಳುಕು ನಿಜವಾಯಿತು. ಸುಮಾರು ಕ್ರಿ.ಪೂ. 1458ರಲ್ಲಿ ಆಕೆ ತೀರಿಕೊಂಡಳು. ಅದಾಗಿ ಸುಮಾರು 20 ವರ್ಷಗಳ ತರುವಾಯ ಮೂರನೆಯ ಥುಟ್‌ಮೋಸನ ಆಳ್ವಿಕೆಯಲ್ಲೇ ಆಕೆಯ ಹೆಸರನ್ನೂ ರೂಪವನ್ನೂ ಉಳಿಯಿಂದ ಕೆತ್ತಿ ಅಳಿಸಿದರು. ವಿಗ್ರಹಗಳನ್ನು ಒಡೆದು ಹಳ್ಳಕ್ಕೆ ಎಸೆದರು. ಹಗೆಯೇ ಕಾರಣವಾಗಿದ್ದರೆ ಇಷ್ಟು ಕಾಲ ಏಕೆ ಕಾಯಬೇಕಿತ್ತು? ತನ್ನ ಮಗನ ಪಟ್ಟಕ್ಕೆ ಅಡ್ಡಿ ಬಾರದಿರಲೆಂದು ಹೀಗೆ ಮಾಡಿಸಿದನೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಕಾರ್ನಾಕಿನ ಸ್ತಂಭವನ್ನು ಕೆಡಹದೆ, ಅದರ ಕೆಳಭಾಗವನ್ನು ಗೋಡೆ ಕಟ್ಟಿ ಮರೆಮಾಡಿದರು. ಮರೆಮಾಡಲು ಕಟ್ಟಿದ ಗೋಡೆಯೇ ಶಾಸನಕ್ಕೆ ರಕ್ಷಣೆಯಾಯಿತು.

1829ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯನ್ ಡೇರ್ ಎಲ್-ಬಹ್ರಿಗೆ ಬಂದಾಗ ಗಡ್ಡಧಾರಿ ಅರಸನೊಬ್ಬನ ಚಿತ್ರದ ಬಳಿ ಸ್ತ್ರೀಲಿಂಗದ ಪದಗಳನ್ನೋದಿ ಬೆರಗಾದನು. 1920ರ ದಶಕದಲ್ಲಿ ಅಮೆರಿಕದ ಉತ್ಖನನಕಾರರು ಹಳ್ಳಗಳಿಂದ ವಿಗ್ರಹಗಳ ಚೂರುಗಳನ್ನು ಹೊರತೆಗೆದು ಜೋಡಿಸಿದರು. ಅವುಗಳಲ್ಲಿ ಕೆಲವು ಕೈರೋದಲ್ಲಿವೆ, ಕೆಲವು ನ್ಯೂಯಾರ್ಕಿನಲ್ಲಿವೆ.